ಏರಿಯ ಒಳಮೈ ಓದುವ ಬಗೆ

ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಪದ ತಪ್ಪದೆ ಕಾಣಿಸಿಕೊಳ್ಳುತ್ತದೆ: ಕಡಲ್ಕೊರೆತ. ಉಳ್ಳಾಲದಲ್ಲೋ ಸೋಮೇಶ್ವರದಲ್ಲೋ ತೆಂಗಿನ ಮರಗಳು ಬುಡಸಮೇತ ಉರುಳಿದ ಚಿತ್ರ, ಮನೆಯ ಹಿತ್ತಲಿಗೇ ಬಂದು ನಿಂತ ಅಲೆ, ಟಿಪ್ಪರ್‌ನಿಂದ ಸುರಿಯುತ್ತಿರುವ ಬಂಡೆಕಲ್ಲು. ಕಡಲು ತನ್ನ ದಡವನ್ನು ತಿನ್ನುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೆರೆಯೂ ಹಾಗೆಯೇ ತನ್ನ ದಂಡೆಯನ್ನು ತಿನ್ನುತ್ತದೆ ಎಂದರೆ, ರಾವಂದೂರು ಸುತ್ತಿನ ನನ್ನ ವಿದ್ಯಾರ್ಥಿಗಳು ಒಂದು ಗಳಿಗೆ ಸುಮ್ಮನಾಗುತ್ತಾರೆ. ದಿನವೂ ಕೆರೆ ಏರಿಯ ಮೇಲೆಯೇ ಸೈಕಲ್ ತುಳಿದು ಶಾಲೆಗೆ ಬರುವ ಮಕ್ಕಳು ಅವರು. ಅವರಿಗೆ ಕೆರೆಯೆಂದರೆ ನಿಂತ ನೀರು. ನಿಂತ ನೀರು ಏನನ್ನು ಕೊರೆದೀತು?

ಈ ಪ್ರಶ್ನೆ ನಿಮ್ಮದೂ ಆಗಿದ್ದರೆ ಈ ಬರಹ ನಿಮಗಾಗಿಯೇ. ನಿಮಗೆ ಎಂಜಿನಿಯರಿಂಗ್ ಗೊತ್ತಿರಬೇಕಾಗಿಲ್ಲ, ಲೆಕ್ಕ ಚೆನ್ನಾಗಿ ಬರಬೇಕೆಂದೂ ಇಲ್ಲ. ನಿಮ್ಮೂರಿನಲ್ಲಿ ಒಂದು ಕೆರೆಯಿದ್ದು, ಅದರ ದಂಡೆಯಲ್ಲಿ ಅರ್ಧ ಗಂಟೆ ಕೂರುವ ವ್ಯವಧಾನ ನಿಮಗಿದ್ದರೆ ಸಾಕು. ಮಿಕ್ಕಿದ್ದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮೊದಲು ಕೆರೆಯ ಅಂಗಾಂಗಗಳ ಹೆಸರು ತಿಳಿದಿರಲಿ. ಮಳೆನೀರು ಹರಿದು ಬರುವ ತಗ್ಗಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ಕಟ್ಟೆಯೇ ಏರಿ. ಏರಿಯ ನೀರಿನ ಕಡೆಯ ಇಳಿಜಾರನ್ನು ಒಳಮೈ ಎಂದೂ, ಗದ್ದೆಯ ಕಡೆಯ ಇಳಿಜಾರನ್ನು ಹೊರಮೈ ಎಂದೂ ಕರೆಯೋಣ. ಗದ್ದೆಗೆ ನೀರು ಬಿಡುವ ಕಂಡಿ ತೂಬು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ತಾನಾಗಿ ಹೊರಗೆ ಹೋಗುವ ಜಾಗ ಕೋಡಿ. ತೂಬಿನ ನೀರು ತಲುಪುವ ಜಮೀನೆಲ್ಲ ಸೇರಿ ಅಚ್ಚುಕಟ್ಟು. ನೀರು ಹರಡಿಕೊಳ್ಳುವ ಒಳಗಿನ ಬಯಲು ಕೆರೆಯಂಗಳ. ಈ ಆರೇಳು ಪದಗಳು ನಿಮ್ಮ ಅಜ್ಜನಿಗೆ ಬಾಯಿಪಾಠವಾಗಿದ್ದವು. ನಿಮಗೆ ಹೊಸದೆನಿಸಿದರೆ ಸಂಕೋಚ ಬೇಡ, ಕೆರೆಯ ಬಳಿ ಹೋಗಿ ಒಂದೊಂದನ್ನೂ ಬೆರಳು ಮಾಡಿ ತೋರಿಸುತ್ತಾ ಹೇಳಿಕೊಳ್ಳಿ. ಒಂದೇ ಸಂಜೆಗೆ ಬಂದುಬಿಡುತ್ತವೆ.

ಇಲ್ಲಿ ಒಂದು ಮುಖ್ಯ ಮಾತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ಸೀಮೆಯಲ್ಲಿ ನಾವು ಕೆರೆ ಎಂದು ಕರೆಯುವುದು ಪ್ರಕೃತಿ ತಾನೇ ಮಾಡಿದ ಸರೋವರವನ್ನಲ್ಲ. ಅದು ಮನುಷ್ಯರು ಮಣ್ಣು ಹೊತ್ತು ಕಟ್ಟಿದ್ದು. ಹುಟ್ಟುಸರೋವರದ ದಡ ನಾಲ್ಕು ಅಡಿ ಹಿಂದಕ್ಕೆ ಸರಿದರೆ ಸರೋವರ ನಾಲ್ಕು ಅಡಿ ಅಗಲವಾಗುತ್ತದೆ, ಅಷ್ಟೆ. ಏರಿಯ ತಲೆಯೇ ಎಂಟು ಹತ್ತು ಅಡಿ ಅಗಲವಿರುವಾಗ ಅದು ನಾಲ್ಕು ಅಡಿ ಹಿಂದಕ್ಕೆ ಸರಿದರೆ, ಅರ್ಧ ಏರಿಯೇ ಹೋದಂತೆ. ಹೀಗಾಗಿ ನಮ್ಮ ಕಡೆ ದಂಡೆ ಕೊರೆತದ ಪಾಠವನ್ನು ಏರಿಯ ಒಳಮೈಯಿಂದಲೇ ಆರಂಭಿಸಬೇಕು.

ಬನ್ನಿ, ಏರಿಯ ಮೇಲೆ ನಿಂತು ಕೆಳಗೆ ನೋಡೋಣ. ದೂರದಿಂದ ನೋಡಿದರೆ ಒಳಮೈಯಲ್ಲಿ ಹಸಿರು ಗರಿಕೆ ನೀರಿನವರೆಗೂ ಇಳಿದಿದೆ, ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಈಗ ಜೋಪಾನವಾಗಿ ಇಳಿದು, ನೀರಿನ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಹುಲ್ಲಿನ ತುಟಿಯನ್ನು ಮೆಲ್ಲಗೆ ಎತ್ತಿ ನೋಡಿ. ಅದರ ಕೆಳಗೆ ಮಣ್ಣಿಲ್ಲ. ಒಂದು ಗೇಣು ಒಳಕ್ಕೆ ಟೊಳ್ಳು. ಗರಿಕೆಯ ಬೇರುಗಳು ಸೆರಗಿನ ಕುಚ್ಚಿನಂತೆ ಗಾಳಿಯಲ್ಲಿ ನೇತಾಡುತ್ತಿವೆ. ಕೈ ಹಾಕಿದರೆ ತಣ್ಣನೆಯ ಕೆಮ್ಮಣ್ಣು ಬೆರಳಿಗೆ ಮೆತ್ತಿಕೊಳ್ಳುತ್ತದೆ. ಒಂದು ಸಣ್ಣ ಅಲೆ ಬಂದು ಆ ಟೊಳ್ಳಿನೊಳಗೆ ಗುಳುಕ್ ಎಂದು ಸದ್ದು ಮಾಡಿ ಹಿಂದಿರುಗುತ್ತದೆ. ಹಿಂದಿರುಗುವಾಗ ಅದರ ಬಣ್ಣ ನೋಡಿ, ಬಂದಾಗ ಇದ್ದುದಕ್ಕಿಂತ ತುಸು ಕೆಂಪು. ಆ ಕೆಂಪು ಏರಿಯದು.

ದಂಡೆ ಕೊರೆತದ ಪೂರ್ತಿ ಕಥೆ ಈ ಟೊಳ್ಳಿನಲ್ಲೇ ಇದೆ. ಅಲೆ ದಂಡೆಯನ್ನು ಮೇಲಿನಿಂದ ತಿನ್ನುವುದಿಲ್ಲ, ನೀರು ಮಣ್ಣು ಕೂಡುವ ಗೆರೆಯಲ್ಲಿ ಒಳಕ್ಕೆ ಕೊರೆಯುತ್ತದೆ. ಕೊರೆದು ಕೊರೆದು ಮೇಲಿನ ಮಣ್ಣಿಗೆ ಆಸರೆ ತಪ್ಪಿದಾಗ ಒಂದು ಹೆಂಟೆ ತನ್ನ ಭಾರಕ್ಕೆ ತಾನೇ ಕಳಚಿ ಬೀಳುತ್ತದೆ. ಬಿದ್ದ ಹೆಂಟೆ ಸ್ವಲ್ಪ ಹೊತ್ತು ದಂಡೆಗೆ ಕಾವಲಾಗಿ ನಿಲ್ಲುತ್ತದೆ. ಅಲೆ ಅದನ್ನು ಕರಗಿಸಿ, ನಯವಾದ ಮಣ್ಣನ್ನು ಆಳಕ್ಕೆ ಒಯ್ದು, ದಪ್ಪ ಮರಳನ್ನು ಅಲ್ಲೇ ಬಿಟ್ಟು, ಮತ್ತೆ ಗೆರೆಗೆ ಬರುತ್ತದೆ. ಕೊರೆಯುವುದು, ಕಳಚುವುದು, ಕರಗುವುದು, ಒಯ್ಯುವುದು: ಈ ಸುತ್ತು ನಿಲ್ಲುವುದಿಲ್ಲ. ನೀವು ಏರಿಯ ಮೇಲಿಂದ ಬಿರುಕು ಕಾಣುವ ಹೊತ್ತಿಗೆ ಈ ಸುತ್ತು ಎಷ್ಟೋ ಬಾರಿ ಮುಗಿದಿರುತ್ತದೆ.

ಹಾಗಾದರೆ ನಿಂತ ನೀರಿಗೆ ಅಲೆ ಎಲ್ಲಿಂದ ಬಂತು? ಗಾಳಿಯಿಂದ. ಬಿಸಿ ಕಾಫಿಯ ಲೋಟಕ್ಕೆ ನೀವು ಊದಿದಾಗ ಏಳುವ ಸುಕ್ಕು ಮತ್ತು ಆಷಾಢದಲ್ಲಿ ಕೆರೆಯ ಮೇಲೆ ಏಳುವ ಅಲೆ ಒಂದೇ ಜಾತಿಯವು. ಅಲೆಯ ಎತ್ತರವನ್ನು ಮುಖ್ಯವಾಗಿ ಮೂರು ಸಂಗತಿಗಳು ನಿರ್ಧರಿಸುತ್ತವೆ. ಗಾಳಿ ಎಷ್ಟು ಜೋರಾಗಿದೆ, ಎಷ್ಟು ಹೊತ್ತು ಬೀಸಿದೆ, ಮತ್ತು ನೀರಿನ ಮೇಲೆ ತಡೆಯಿಲ್ಲದೆ ಎಷ್ಟು ದೂರ ಓಡಿದೆ. ಈ ಮೂರನೆಯದನ್ನು ಎಂಜಿನಿಯರುಗಳು ‘ಫೆಚ್’ ಎನ್ನುತ್ತಾರೆ. ನಾನು ಮಕ್ಕಳಿಗೆ ‘ಗಾಳಿಯೋಟ’ ಎಂದು ಹೇಳಿಕೊಡುತ್ತೇನೆ. ಚಿಕ್ಕ ಕಟ್ಟೆಯಲ್ಲಿ ಗಾಳಿಯೋಟ ನೂರಿನ್ನೂರು ಅಡಿ ಇರಬಹುದು, ಅಲ್ಲಿ ಸುಕ್ಕಿಗಿಂತ ಹೆಚ್ಚೇನೂ ಏಳದು. ಒಂದು ಕಿಲೋಮೀಟರ್ ಉದ್ದದ ಕೆರೆಯ ಮೇಲೆ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ ಏಳುವ ಅಲೆ ಸರಿಸುಮಾರು ಒಂದು ಗೇಣು ಎತ್ತರವಿರುತ್ತದೆ.

ಒಂದು ಗೇಣು ತಾನೇ ಎಂದು ನಿಮಗೆ ಅನಿಸಬಹುದು. ಇಲ್ಲಿ ಎರಡು ಲೆಕ್ಕಗಳನ್ನು ಮಾಡಿನೋಡಿ. ಅಲೆಯ ಎತ್ತರ ಎರಡರಷ್ಟಾದರೆ ಅದು ಹೊತ್ತು ತರುವ ಶಕ್ತಿ ನಾಲ್ಕರಷ್ಟಾಗುತ್ತದೆ. ಮೂರರಷ್ಟಾದರೆ ಒಂಬತ್ತರಷ್ಟು. ಗೇಣುದ್ದದ ಅಲೆಯನ್ನು ಬೆರಳುದ್ದದ ಅಲೆಯ ದೊಡ್ಡಣ್ಣ ಎಂದು ಭಾವಿಸಬೇಡಿ, ಅದು ಬೇರೆಯೇ ಪ್ರಾಣಿ. ಇನ್ನೊಂದು ಲೆಕ್ಕ ಎಣಿಕೆಯದು. ಇಂಥ ಚಿಕ್ಕ ಅಲೆಗಳು ಒಂದೂವರೆ ಎರಡು ಸೆಕೆಂಡಿಗೊಂದರಂತೆ ದಂಡೆಗೆ ಬಡಿಯುತ್ತವೆ. ಎರಡು ಸೆಕೆಂಡಿಗೊಂದು ಎಂದೇ ಹಿಡಿಯಿರಿ. ಹಗಲೂ ರಾತ್ರಿ ಗಾಳಿ ನಿಲ್ಲದಿದ್ದರೆ ದಿನಕ್ಕೆ 43,200 ಪೆಟ್ಟು. ಒಂದು ಹಾರೆ ದಿನಕ್ಕೆ ನಲವತ್ತು ಸಾವಿರ ಸಲ ಒಂದೇ ಗೆರೆಗೆ ತಾಕಿದರೆ, ಅದು ಎಷ್ಟೇ ಮೊಂಡಾಗಿರಲಿ, ಕೆಲಸ ನಡೆದೇ ನಡೆಯುತ್ತದೆ.

ಇನ್ನು ಕಾಲ ಮತ್ತು ದಿಕ್ಕು. ಮೈಸೂರು ಸೀಮೆಯಲ್ಲಿ ಆಷಾಢದ ಗಾಳಿಯನ್ನು ಅರಿಯದವರಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ, ಅಂದರೆ ಕೊಡಗಿನ ಬೆಟ್ಟಗಳ ಕಡೆಯಿಂದ ಬೀಸುತ್ತದೆ. ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳಲ್ಲಿ ಕೆರೆಗಳು ತುಂಬುವುದೂ ಇದೇ ಹೊತ್ತಿಗೆ. ಕೆರೆ ತುಂಬಿರುವಾಗ ಗಾಳಿಯೋಟದ ಉದ್ದವೂ ಹೆಚ್ಚು, ನೀರೂ ಏರಿಯ ನೆತ್ತಿಗೆ ಹತ್ತಿರ. ಅತಿ ಜೋರಿನ ಗಾಳಿ ಮತ್ತು ಅತಿ ಎತ್ತರದ ನೀರು ಒಂದೇ ತಿಂಗಳಲ್ಲಿ ಕೂಡಿಬರುವುದು ನಮ್ಮ ಏರಿಗಳ ಜಾತಕದಲ್ಲೇ ಬರೆದಿದೆ.

ಈಗ ನಿಮ್ಮೂರ ಏರಿ ಯಾವ ದಿಕ್ಕಿಗಿದೆ ಎಂದು ನೋಡಿ. ಪಿರಿಯಾಪಟ್ಟಣ ಸೀಮೆಯಲ್ಲಿ ಕಾವೇರಿಯೂ, ಹುಣಸೂರು ಸೀಮೆಯಲ್ಲಿ ಲಕ್ಷ್ಮಣತೀರ್ಥವೂ ಒಟ್ಟಾರೆ ಈಶಾನ್ಯದ ಕಡೆಗೆ ಹರಿಯುತ್ತವೆ. ನಿಮ್ಮ ಕೆರೆಯ ಹಳ್ಳವೂ ಪೂರ್ವಕ್ಕೋ ಈಶಾನ್ಯಕ್ಕೋ ಇಳಿಯುತ್ತಿದ್ದರೆ ಏರಿ ಕೆರೆಯ ಪೂರ್ವದ ತುದಿಯಲ್ಲಿರುತ್ತದೆ. ಪಶ್ಚಿಮದ ಗಾಳಿ ಇಡೀ ಕೆರೆಯ ಉದ್ದಕ್ಕೂ ಓಡಿ ಬಂದು ತನ್ನ ಅಲೆಗಳನ್ನೆಲ್ಲ ಆ ಏರಿಗೇ ತಂದು ಹಾಕುತ್ತದೆ. ಇದಕ್ಕೆ ಬದಲಾಗಿ ಏರಿ ಪಶ್ಚಿಮದ ಬದಿಗಿದ್ದರೆ ನೀವು ಅದೃಷ್ಟವಂತರು, ಅದೇ ಗಾಳಿ ಏರಿಯಿಂದ ಅಲೆಗಳನ್ನು ದೂರ ತಳ್ಳುತ್ತದೆ. ಒಂದೇ ಏರಿಯಲ್ಲೂ ಎಲ್ಲ ಭಾಗ ಒಂದೇ ಸಮ ಇರುವುದಿಲ್ಲ. ನೇರವಾಗಿ ಗಾಳಿಗೆ ಮುಖ ಕೊಟ್ಟ ಮಧ್ಯಭಾಗ ಹೆಚ್ಚು ನವೆಯುತ್ತದೆ, ತಿರುವಿನ ಮರೆಯಲ್ಲಿರುವ ಭಾಗ ಉಳಿದುಕೊಳ್ಳುತ್ತದೆ. ದುರಸ್ತಿಗೆ ಹಣ ಕಡಿಮೆಯಿದ್ದಾಗ ಮೊದಲು ಎಲ್ಲಿ ಕೈ ಹಚ್ಚಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ.

ಅಲೆಯನ್ನು ಕೊರೆಯುವ ಬಾಚಿ ಎಂದುಕೊಂಡರೆ, ನೀರಿನ ಮಟ್ಟ ಆ ಬಾಚಿಯನ್ನು ಹಿಡಿದ ಕೈ. ಕೈ ಮೇಲೆ ಕೆಳಗೆ ಆಡುತ್ತಿದ್ದರೆ ಪೆಟ್ಟುಗಳು ಇಡೀ ಇಳಿಜಾರಿಗೆ ಹಂಚಿಹೋಗುತ್ತವೆ. ಕೈ ಒಂದೇ ಕಡೆ ನಿಂತರೆ ಪೆಟ್ಟೆಲ್ಲ ಒಂದೇ ಗೆರೆಗೆ. ಬೇಸಿಗೆಯಲ್ಲಿ ಕೆರೆ ಇಳಿದಾಗ ಒಳಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಗೆರೆಗಳನ್ನು ನೀವು ಗಮನಿಸಿರಬಹುದು. ನೀರು ಯಾವ ಮಟ್ಟದಲ್ಲಿ ಎಷ್ಟು ದಿನ ನಿಂತಿತ್ತೆಂದು ಕೆರೆಯೇ ಬರೆದಿಟ್ಟ ದಿನಚರಿ ಅದು. ಅಗಲವಾದ ಮೆಟ್ಟಿಲಿದ್ದಲ್ಲಿ ನೀರು ಬಹಳ ದಿನ ನಿಂತಿತ್ತು ಎಂದು ತಿಳಿಯಿರಿ.

ಈ ಮಾತನ್ನು ಪಿರಿಯಾಪಟ್ಟಣ ತಾಲ್ಲೂಕಿನವರು ಈಗ ವಿಶೇಷವಾಗಿ ಯೋಚಿಸಬೇಕಾಗಿದೆ. ಮುತ್ತಿನಮುಳ್ಳುಸೋಗೆಯ ಬಳಿ ಕಾವೇರಿಯಿಂದ ನೀರೆತ್ತಿ ತಾಲ್ಲೂಕಿನ 150 ಕೆರೆಗಳನ್ನು ತುಂಬಿಸುವ ಯೋಜನೆ ರೂಪುಗೊಂಡಿದ್ದು ಈ ಸೀಮೆಯ ಬಹುದಿನದ ಆಸೆಯಿಂದ. ಕೆರೆ ತುಂಬಿದರೆ ಬೋರ್‌ವೆಲ್‌ಗೆ ಜೀವ ಬರುತ್ತದೆ, ದನಕರುಗಳಿಗೆ ನೀರಾಗುತ್ತದೆ. ಅದಕ್ಕಿಂತ ಸಂತೋಷ ಇನ್ನೇನಿದೆ. ಆದರೆ ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ತುಂಬಿ ಆಮೇಲೆ ಇಳಿಯುತ್ತಿದ್ದ ಕೆರೆ, ಎಂಟು ಹತ್ತು ತಿಂಗಳು ಒಂದೇ ಮಟ್ಟದಲ್ಲಿ ನಿಂತರೆ ಬಾಚಿಯೂ ಅಷ್ಟು ತಿಂಗಳು ಅದೇ ಗೆರೆಯಲ್ಲಿ ನಿಲ್ಲುತ್ತದೆ. ಬತ್ತಿ ಬಿರಿದು ಎಷ್ಟೋ ವರ್ಷ ಒಣಗಿದ್ದ ಏರಿಗೆ ನೀರು ಹಿಡಿಯುವ ಅಭ್ಯಾಸವೂ ತಪ್ಪಿರುತ್ತದೆ. ಕೆರೆಗೆ ನೀರು ಬಂತೆಂದು ಬಾಗಿನ ಅರ್ಪಿಸುವ ದಿನವೇ ಒಳಮೈಯನ್ನೂ ಒಮ್ಮೆ ನಡೆದು ನೋಡಿದರೆ ಆ ಬಾಗಿನಕ್ಕೆ ಸಾರ್ಥಕ್ಯ.

ಹೊರಗಿನ ಲೋಕದ ಒಂದು ಉದಾಹರಣೆ ಇಲ್ಲಿ ನೆರವಾಗುತ್ತದೆ. ಅಮೆರಿಕದ ಮಿಶಿಗನ್ ಸರೋವರ ಸಿಹಿನೀರಿನದು, ಆದರೆ ಕಡಲಿನಷ್ಟು ದೊಡ್ಡದು. 2013ರ ಜನವರಿಯಲ್ಲಿ ಅದರ ನೀರು ದಾಖಲೆಯ ಕೆಳಮಟ್ಟಕ್ಕೆ ಇಳಿದಿತ್ತು. 2020ರ ಹೊತ್ತಿಗೆ ತಿಂಗಳಿಂದ ತಿಂಗಳಿಗೆ ದಾಖಲೆಯ ಮೇಲ್ಮಟ್ಟ ಮುಟ್ಟಿತು. ನಡುವಿನ ಅಂತರ ಸುಮಾರು ಆರು ಅಡಿ. ಏರಿದ ನೀರಿನ ಮೇಲೆ ಬಂದ ಅಲೆಗಳು ಮರಳದಿಬ್ಬಗಳನ್ನೂ ಮನೆಗಳ ಅಂಗಳಗಳನ್ನೂ ಒಯ್ದವು. ಅನೇಕರು ತಮ್ಮ ತಮ್ಮ ದಡಕ್ಕೆ ನೆಟ್ಟಗಿನ ಗೋಡೆ ಕಟ್ಟಿಕೊಂಡರು. ನೆಟ್ಟಗಿನ ಗೋಡೆಗೆ ಬಡಿದ ಅಲೆ ಸುಮ್ಮನಾಗುವುದಿಲ್ಲ. ಅದು ಹಿಂದಕ್ಕೆ ಪುಟಿದು ಗೋಡೆಯ ಬುಡದ ಮರಳನ್ನೇ ತೋಡುತ್ತದೆ, ಪಕ್ಕಕ್ಕೆ ಹೊರಳಿ ಗೋಡೆಯಿಲ್ಲದ ನೆರೆಯವರ ದಡವನ್ನು ಇನ್ನಷ್ಟು ಕೊರೆಯುತ್ತದೆ. ಆರು ಅಡಿಯ ಏರಿಳಿತ ಅವರಿಗೆ ಏಳು ವರ್ಷದ ಕಥೆ. ನಮ್ಮ ಕೆರೆಗಳಲ್ಲಿ ಅದು ಪ್ರತಿ ವರ್ಷದ ಕಥೆ. ಅವರಿಂದ ನಾವು ಕಲಿಯಬೇಕಾದದ್ದು ಇಷ್ಟು: ಅಲೆಯನ್ನು ತಡೆದು ನಿಲ್ಲಿಸಲು ಹೋಗಬೇಡಿ, ಅದರ ಕಸುವು ಮೆಲ್ಲಗೆ ಸೋರಿಹೋಗುವಂತೆ ಮಾಡಿ.

ನಮ್ಮ ಹಿರಿಯರು ಒಳಮೈಗೆ ಕಲ್ಲು ಹಾಸಿದ್ದು ಈ ಕಾರಣಕ್ಕೇ. ಗುತ್ತಿಗೆದಾರರ ಬಾಯಲ್ಲಿ ಅದು ಈಗ ‘ಪಿಚಿಂಗ್’ ಅಥವಾ ‘ರಿವಿಟ್‌ಮೆಂಟ್’. ಹಳೆಯ ಏರಿಗಳಲ್ಲಿ ಕಾಣುವ ಒರಟು ಕಾಡುಗಲ್ಲಿನ ಹಾಸು ನೋಡಲು ಅಚ್ಚುಕಟ್ಟಾಗಿರದು, ಒಂದೊಂದು ಕಲ್ಲು ಒಂದೊಂದು ಕಡೆಗೆ ಮೂತಿ ಮಾಡಿರುತ್ತದೆ. ಆ ಒರಟುತನವೇ ಅದರ ಗುಣ. ಇಳಿಜಾರಿನ ಒರಟು ಕಲ್ಲಿನ ಮೇಲೆ ಅಲೆ ಹತ್ತುವಾಗ ಸಂದಿಸಂದಿಗೂ ನುಗ್ಗಿ, ಸೀಳಿ, ನೊರೆಯಾಗಿ ಸುಸ್ತಾಗುತ್ತದೆ. ನುಣ್ಣಗೆ ಗಾರೆ ಮಾಡಿದ ಕಾಂಕ್ರೀಟ್ ಇಳಿಜಾರಿನ ಮೇಲೆ ಅದೇ ಅಲೆ ಮಕ್ಕಳು ಜಾರುಬಂಡೆ ಏರುವಂತೆ ಇನ್ನೂ ಮೇಲಕ್ಕೆ ಓಡುತ್ತದೆ. ಚೆಂದ ಕಾಣಲೆಂದು ಕಲ್ಲಿನ ಸಂದಿಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಏರಿಯೊಳಗೆ ಇಂಗಿದ ನೀರು ಹೊರಬರಲು ದಾರಿ ಬೇಕು. ಅಲ್ಲದೆ ಬಿಡಿಗಲ್ಲಿನ ಹಾಸಿನ ಕೆಳಗೆ ಮಣ್ಣು ಕುಸಿದರೆ ಕಲ್ಲೂ ಕುಸಿದು ನಮಗೆ ತೋರಿಸಿಕೊಡುತ್ತದೆ. ಸಿಮೆಂಟಿನ ಹಾಸು ಒಳಗೆ ಟೊಳ್ಳಾಗಿದ್ದರೂ ಮೇಲೆ ನಗುತ್ತಲೇ ಇರುತ್ತದೆ.

ಆದರೆ ಮಣ್ಣಿನ ಮೇಲೆ ನೇರವಾಗಿ ಕಲ್ಲು ಪೇರಿಸಿದರೆ ಸಾಲದು, ಮತ್ತು ದುರಸ್ತಿ ಕೆಲಸಗಳು ಕೆಡುವುದು ಬಹುಪಾಲು ಇಲ್ಲಿಯೇ. ಅಲೆ ಹಿಂದಿರುಗುವಾಗ ಕಲ್ಲಿನ ಸಂದಿಗಳಿಂದ ನೀರನ್ನು ಹೀರಿಕೊಂಡು ಹೋಗುತ್ತದೆ. ಆ ನೀರಿನ ಜೊತೆ ಹಿಂದಿನ ನಯವಾದ ಮಣ್ಣೂ ಸಂದಿಯಿಂದ ನುಸುಳುತ್ತದೆ. ಮೂರು ನಾಲ್ಕು ಮಳೆಗಾಲದಲ್ಲಿ ಕಲ್ಲು ಅಲ್ಲೇ ಇರುತ್ತದೆ, ಹಿಂದಿನ ಏರಿ ಇರುವುದಿಲ್ಲ. ಇದನ್ನು ತಪ್ಪಿಸಲು ಮಣ್ಣಿಗೂ ಕಲ್ಲಿಗೂ ನಡುವೆ ಸೋಸುಪದರ ಹಾಕುತ್ತಾರೆ. ಅದರ ಸೂತ್ರ ಅಡುಗೆಮನೆಯ ಜರಡಿಯಷ್ಟೇ ಸರಳ: ಮಣ್ಣು ಮರಳಿನ ಸಂದಿಯಲ್ಲಿ ನುಸುಳಬಾರದು, ಮರಳು ಜಲ್ಲಿಯ ಸಂದಿಯಲ್ಲಿ ನುಸುಳಬಾರದು, ಜಲ್ಲಿ ಕಲ್ಲಿನ ಸಂದಿಯಲ್ಲಿ ನುಸುಳಬಾರದು. ನೀರು ಮಾತ್ರ ಎಲ್ಲದರಿಂದಲೂ ಸಲೀಸಾಗಿ ಬರಬೇಕು. ಈಚೆಗೆ ಮರಳಿನ ಪದರದ ಬದಲು ಜಿಯೋಟೆಕ್ಸ್‌ಟೈಲ್ ಎಂಬ ದಪ್ಪನೆಯ ಬಟ್ಟೆ ಹಾಸುವುದೂ ಉಂಟು, ಕೆಲಸ ಅದೇ. ಜಲಾಶಯಗಳ ಏರಿಯ ಇಳಿಜಾರನ್ನು ಹೇಗೆ ಕಾಪಾಡಬೇಕೆಂದು ಭಾರತೀಯ ಮಾನಕ ಸಂಸ್ಥೆಯ ಐಎಸ್ 8237 ಎಂಬ ಸಂಹಿತೆಯೇ ಇದೆ. ನಿಮ್ಮೂರಿನಲ್ಲಿ ಕಲ್ಲುಹಾಸಿನ ಕೆಲಸ ನಡೆಯುವಾಗ ಅಲ್ಲಿ ನಿಂತು ‘ಕಲ್ಲಿನ ಕೆಳಗೆ ಏನು ಹಾಕುತ್ತಿದ್ದೀರಿ?’ ಎಂದು ಕೇಳಿ. ಮುಚ್ಚಿದ ಮೇಲೆ ಯಾರಿಗೂ ಕಾಣದ ಭಾಗ ಅದು.

ಹಾಸಿನ ಬುಡದ ವಿಷಯವೂ ಹೀಗೆಯೇ. ಇಳಿಜಾರಿನ ಮೇಲಿನ ಪ್ರತಿ ಕಲ್ಲೂ ತನ್ನ ಕೆಳಗಿನ ಕಲ್ಲಿನ ಮೇಲೆ ಒರಗಿ ನಿಂತಿರುತ್ತದೆ. ಎಲ್ಲಕ್ಕಿಂತ ಕೆಳಗಿನದು ಅಂಗಳದೊಳಗೆ ಕಾಲುವೆ ತೋಡಿ ಹೂತ ದೊಡ್ಡ ಬುಡಗಲ್ಲಿಗೆ ಒರಗಿರಬೇಕು. ಬುಡಗಲ್ಲು ಕದಲಿದರೆ ಇಡೀ ಸಾಲು ಸೀರೆಯ ನೆರಿಗೆ ಬಿಚ್ಚಿದಂತೆ ಕಳಚುತ್ತದೆ. ಇಳಿಜಾರು ಒಂದಕ್ಕೆ ಎರಡಾದರೂ ಇರಲಿ, ಅಂದರೆ ಒಂದಡಿ ಎತ್ತರಕ್ಕೆ ಎರಡಡಿ ಅಡ್ಡಗಲ. ಅದಕ್ಕಿಂತ ಕಡಿದಾದರೆ ಕಲ್ಲೂ ನಿಲ್ಲದು, ಮಣ್ಣೂ ನಿಲ್ಲದು.

ಮಣ್ಣಿನ ಸ್ವಭಾವ ತಿಳಿಯಲು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿಡಿ. ಹೊಲದ ಕೆಮ್ಮಣ್ಣಿನದೊಂದು, ಕೆರೆಯಂಗಳದ ಜೇಡಿಯದೊಂದು, ನಿಂಬೆಹಣ್ಣಿನ ಗಾತ್ರದ ಎರಡು ಒಣ ಹೆಂಟೆಗಳನ್ನು ತನ್ನಿ. ಎರಡನ್ನೂ ಒಟ್ಟಿಗೆ ಲೋಟಗಳಿಗೆ ಬಿಟ್ಟು, ಕಲಕದೆ ನೋಡುತ್ತಾ ಕುಳಿತುಕೊಳ್ಳಿ. ಮರಳು ಬೆರೆತ ಕೆಮ್ಮಣ್ಣು ಗುಳ್ಳೆ ಬಿಡುತ್ತಾ ಅಂಚಿನಿಂದ ಉದುರತೊಡಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ಗುಡ್ಡೆಯಾಗುತ್ತದೆ. ಅಂಟಿನ ಜೇಡಿ ಸಾಮಾನ್ಯವಾಗಿ ಹೆಚ್ಚು ಹೊತ್ತು ಆಕಾರ ಬಿಡದೆ ನಿಲ್ಲುತ್ತದೆ. ನಿಮ್ಮ ಏರಿಯ ಒಳಮೈಯ ಮಣ್ಣು ಯಾವ ಲೋಟದ ಹಾಗೆ ವರ್ತಿಸುತ್ತದೆ ಎಂದು ಮೂರನೆಯ ಲೋಟದಲ್ಲಿ ನೋಡಿ. ತರಗತಿಯಲ್ಲಿ ಈ ಪ್ರಯೋಗ ಮಾಡುವಾಗ ಕೊನೆಯ ಬೆಂಚಿನವರೂ ಎದ್ದು ಮುಂದೆ ಬರುತ್ತಾರೆ.

ಈಗ ಹಸಿರಿನ ಕಡೆ ಬರೋಣ. ಎಲ್ಲ ಏರಿಗೂ ಕಲ್ಲು ಬೇಕಿಲ್ಲ. ಗಾಳಿಯೋಟ ಕಡಿಮೆಯಿರುವ ಚಿಕ್ಕ ಕಟ್ಟೆಗಳಿಗೆ ಹುಲ್ಲೇ ಸಾಕು. ಗರಿಕೆ ಮೇಲ್ಮಣ್ಣನ್ನು ಚಾಪೆಯಂತೆ ಹಿಡಿಯುತ್ತದೆ, ಮಳೆಹನಿಯ ಪೆಟ್ಟಿನಿಂದ ಕಾಪಾಡುತ್ತದೆ. ಆದರೆ ನಾವು ಆಗಲೇ ಕಂಡಂತೆ ಅದರ ಬೇರು ಆಳಕ್ಕೆ ಇಳಿಯದು. ಆಳಕ್ಕೆ ಇಳಿಯುವುದು ಲಾವಂಚ. ಅದರ ಬೇರು ಒಳ್ಳೆಯ ಮಣ್ಣಿನಲ್ಲಿ ಎರಡು ಮೂರು ಮೀಟರ್ ನೇರವಾಗಿ ಕೆಳಗೆ ಹೋಗುತ್ತದೆ, ಪಕ್ಕಕ್ಕೆ ಹರಡಿ ಕಾಟ ಕೊಡುವುದಿಲ್ಲ. ನೀರಿನ ಗೆರೆಗೆ ತುಸು ಮೇಲೆ, ಗೇಣಿಗಿಂತ ಕಡಿಮೆ ಅಂತರದಲ್ಲಿ, ಏರಿಯ ಉದ್ದಕ್ಕೂ ಸಾಲಾಗಿ ನೆಟ್ಟರೆ ಎರಡು ವರ್ಷದಲ್ಲಿ ಹಸಿರು ಬೇಲಿಯಾಗುತ್ತದೆ. ಹೊಸ ಮಣ್ಣಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಅದರ ಕಣ್ಣುಗಳಲ್ಲಿ ಹುಲ್ಲು ನೆಡುವುದು ಇನ್ನೊಂದು ಉಪಾಯ. ಬೇರು ಹಿಡಿಯುವವರೆಗೆ ಚಾಪೆ ಮಣ್ಣನ್ನು ಹಿಡಿದಿದ್ದು, ಆಮೇಲೆ ತಾನೇ ಕೊಳೆತು ಗೊಬ್ಬರವಾಗುತ್ತದೆ.

ನೀರೊಳಗೆ ಬೆಳೆಯುವ ಜೊಂಡನ್ನು ಅನೇಕರು ಕಳೆಯೆಂದು ಪೂರ್ತಿ ಕೀಳಿಸುತ್ತಾರೆ. ಕೆರೆಯನ್ನೇ ನುಂಗುವಷ್ಟು ಬೆಳೆಯಲು ಬಿಡಬಾರದು, ನಿಜ. ಆದರೆ ಏರಿಯ ಮುಂದೆ ನಾಲ್ಕೈದು ಮಾರು ಅಗಲದ ಜೊಂಡಿನ ಪಟ್ಟಿಯೊಂದು ಉಳಿದಿರಲಿ. ಜೋರು ಗಾಳಿಯ ದಿನ ಹೋಗಿ ನೋಡಿ: ಜೊಂಡಿನ ಆಚೆ ಅಲೆಗಳು ನೊರೆಗಟ್ಟಿ ಏಳುತ್ತಿರುತ್ತವೆ, ಈಚೆ ನೀರು ಕನ್ನಡಿಯಂತೆ ಮಲಗಿರುತ್ತದೆ. ತೆಳ್ಳನೆಯ ಕಡ್ಡಿಗಳು ಬಾಗಿ ಬಾಗಿ ಅಲೆಯ ಕಸುವನ್ನು ಹಂಚಿಕೊಂಡುಬಿಡುತ್ತವೆ. ಜಂಬುಕೋಳಿ, ನೀರಕಾಗೆಗಳಿಗೂ ಅಲ್ಲೊಂದು ನೆಲೆಯಾಗುತ್ತದೆ.

ಮರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹೊಂಗೆ, ಹೊಳೆಮತ್ತಿ ನೀರಿನಂಚಿಗೆ ಒಗ್ಗುವ ಒಳ್ಳೆಯ ಮರಗಳು. ಅವನ್ನು ಕೆರೆಯಂಗಳದ ಮೇಲಂಚಿನಲ್ಲಿ, ನೀರು ಬರುವ ಹಳ್ಳದ ದಡದಲ್ಲಿ ಧಾರಾಳವಾಗಿ ನೆಡಿ. ಏರಿಯ ಮೈಮೇಲೆ ಬೇಡ. ಮರ ಬದುಕಿರುವವರೆಗೆ ಬೇರು ಮಣ್ಣನ್ನು ಹಿಡಿಯುತ್ತದೆ. ಮರ ಸತ್ತು ಬೇರು ಕೊಳೆತ ಮೇಲೆ, ಆ ಬೇರಿದ್ದ ಜಾಗ ಏರಿಯೊಳಗೆ ಒಂದು ಕೊಳವೆಯಾಗಿ ಉಳಿಯುತ್ತದೆ. ಏಡಿ ಮತ್ತು ಹೆಗ್ಗಣದ ಬಿಲಗಳೂ ಮಾಡುವುದು ಇದೇ ಕೆಲಸವನ್ನು. ಕೊಳವೆಯ ಮೂಲಕ ಹೊರಮೈಯಲ್ಲಿ ನೀರು ಜಿನುಗಿದರೆ ಅದರ ಬಣ್ಣ ನೋಡಿ. ತಿಳಿಯಾಗಿದ್ದರೆ ಗುರುತಿಟ್ಟು ಸಂಬಂಧಪಟ್ಟವರಿಗೆ ಹೇಳಿ, ದಿನವೂ ಗಮನಿಸುತ್ತಿರಿ. ಕೆಂಪಗೆ ಕದಡಿದ್ದರೆ ಏರಿ ಒಳಗಿನಿಂದ ಕರಗುತ್ತಿದೆ ಎಂದರ್ಥ. ಆ ಗಳಿಗೆಯಲ್ಲಿ ಊರವರನ್ನು ಕೂಗಬೇಕು.

ಅಲೆ ಮಾತ್ರವೇ ಶತ್ರುವಲ್ಲ, ನಮ್ಮ ಅವಸರವೂ ಹೌದು. ಒಂದು ಊರಿನಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಬೇಸಿಗೆಯಲ್ಲಿ ಹೂಳೆತ್ತುವಾಗ ಟ್ರ್ಯಾಕ್ಟರಿಗೆ ಹತ್ತಿರವಾಗಲೆಂದು ಜೆಸಿಬಿಯವರು ಏರಿಯ ಬುಡದಲ್ಲೇ ಆಳವಾಗಿ ತೋಡಿದರು. ಮೆಕ್ಕಲುಮಣ್ಣು ಹೊಲಕ್ಕೆ ಹೋಯಿತು, ಎಲ್ಲರಿಗೂ ಸಮಾಧಾನ. ಆ ಮಳೆಗಾಲದಲ್ಲಿ ಕೆರೆ ತುಂಬಿತು. ಆಮೇಲೆ ತೂಬನ್ನು ಪೂರ್ತಿ ಎತ್ತಿ ನೀರನ್ನು ಕೆಲವೇ ದಿನಗಳಲ್ಲಿ ಇಳಿಸಿದಾಗ ಒಳಮೈಯ ಒಂದು ಭಾಗ ಕಲ್ಲುಸಮೇತ ಜಾರಿ ಆ ಗುಂಡಿಗೆ ಕುಳಿತಿತು. ಏಕೆಂದು ಯೋಚಿಸಿ. ನೀರು ಕುಡಿದು ಭಾರವಾದ ಮಣ್ಣಿಗೆ ಕೆರೆಯ ನೀರೇ ಮುಂದಿನಿಂದ ಒತ್ತಿಹಿಡಿದ ಅಂಗೈ. ಅಂಗೈಯನ್ನು ಒಮ್ಮೆಲೇ ತೆಗೆದರೆ, ಮಣ್ಣಿನೊಳಗಿನ ನೀರು ಸೋರಿಹೋಗಲು ಸಮಯ ಸಿಗದೆ, ಭಾರ ಮಾತ್ರ ಉಳಿಯುತ್ತದೆ. ಬುಡದಲ್ಲಿ ಗುಂಡಿಯೂ ಇದ್ದರೆ ಅದು ಜಾರದೆ ಇನ್ನೇನು ಮಾಡೀತು? ಹೂಳನ್ನು ಅಂಗಳದ ನಡುವಿನಿಂದ ಎತ್ತಿ, ಏರಿಯ ಬುಡವನ್ನು ಮುಟ್ಟಬೇಡಿ. ತೂಬನ್ನು ನಿಧಾನವಾಗಿ ಬಿಡಿ. ಇನ್ನಷ್ಟು ನೀರು ನಿಲ್ಲಲೆಂದು ಕೋಡಿಗೆ ಮರಳಿನ ಚೀಲ ಅಡ್ಡ ಇಡುವ ರೂಢಿ ಕೆಲವೆಡೆ ಇದೆ, ಅದನ್ನು ಖಂಡಿತ ಬಿಡಿ. ತುಂಬಿದ ನೀರಿಗೂ ಏರಿಯ ತಲೆಗೂ ನಡುವೆ ಬಿಟ್ಟಿರುವ ಎತ್ತರ ಅಲೆ ಏರಿ ಬರಲೆಂದೇ ಬಿಟ್ಟದ್ದು, ಪೋಲಾದ ಜಾಗವಲ್ಲ.

ಹಿಂದಿನವರು ಇದನ್ನೆಲ್ಲ ವರ್ಷ ವರ್ಷ ಮಾಡುವ ಕೆಲಸವೆಂದೇ ತಿಳಿದಿದ್ದರು. ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಂಡವರಿಗೆ ಭೂಮಿ ಬಿಟ್ಟುಕೊಟ್ಟ ಕಟ್ಟುಕೊಡಗೆ, ಬಿತ್ತುವಟ್ಟಗಳ ಮಾತು ನಮ್ಮ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಏರಿಗೆ ಮಣ್ಣು ಹೊರುವ ಬಂಡಿ ಮತ್ತು ಎತ್ತುಗಳ ಖರ್ಚಿಗೆಂದೇ ದತ್ತಿ ಬಿಟ್ಟದ್ದೂ ಉಂಟು. ವಿಜಯನಗರದ ಕಾಲದ, 1369ರ ಪೋರುಮಾಮಿಳ್ಳ ಕೆರೆಯ ಶಾಸನ ಈಗಿನ ಕಡಪ ಜಿಲ್ಲೆಯಲ್ಲಿದೆ. ಅದು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಜಿನುಗುವುದು ಆ ದೋಷಗಳಲ್ಲೊಂದು. ಗದ್ದೆಗಳಿಗೆ ನೀರು ಬಿಡಲು ದಿನವೂ ತೂಬಿನ ಬಳಿ ಹೋಗುತ್ತಿದ್ದ ನೀರುಗಂಟಿಯ ಕಣ್ಣಿಗೆ ಏರಿಯ ಪ್ರತಿ ಬಿಲವೂ ಬೀಳುತ್ತಿತ್ತು. ಈಗ ಅಚ್ಚುಕಟ್ಟು 40 ಹೆಕ್ಟೇರ್‌ವರೆಗಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಹೊಣೆ, 40ರಿಂದ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಯ ಹೊಣೆ. ನಿಮ್ಮ ಕೆರೆ ಯಾವ ಪಟ್ಟಿಯಲ್ಲಿದೆ ಎಂದು ತಿಳಿದಿದ್ದರೆ ಅರ್ಜಿ ಸರಿಯಾದ ಮೇಜಿಗೆ ಹೋಗುತ್ತದೆ. ಅರ್ಜಿಯ ಕೆಲಸ ಅಲ್ಲಿಗೆ ಮುಗಿಯಿತು. ನೀರುಗಂಟಿಯ ಕಣ್ಣಿನ ಕೆಲಸ ಇನ್ನೂ ಉಳಿದಿದೆ, ಅದು ನಿಮಗೆ ಬಿಟ್ಟದ್ದು.

ಎಲ್ಲ ದಂಡೆಯನ್ನೂ ಹಿಡಿದು ನಿಲ್ಲಿಸಬೇಕೆ? ಬೇಕಿಲ್ಲ. ಎಚ್.ಡಿ. ಕೋಟೆಯ ಬೀಚನಹಳ್ಳಿಯಲ್ಲಿ 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರನ್ನು ಬೇಸಿಗೆಯಲ್ಲಿ ನೋಡಿ. ನೀರು ಹಿಂದೆ ಸರಿದಂತೆ ಮೈಲಿಗಟ್ಟಲೆ ದಂಡೆ ತೆರೆದುಕೊಂಡು, ಅದರ ಮೇಲೆ ಎಳೆಹುಲ್ಲು ಚಿಗುರುತ್ತದೆ. ನಾಗರಹೊಳೆ, ಬಂಡೀಪುರದ ಆನೆಗಳು ಹಿಂಡುಹಿಂಡಾಗಿ ಬಂದು ಅಲ್ಲಿ ಮೇಯುತ್ತವೆ. ಆ ದಂಡೆ ಪ್ರತಿ ವರ್ಷ ಸ್ವಲ್ಪ ಕೊರೆಯುತ್ತದೆ, ಸ್ವಲ್ಪ ತುಂಬುತ್ತದೆ. ಅದಕ್ಕೆ ಕಲ್ಲು ಹಾಸಿದರೆ ಹುಲ್ಲೂ ಇಲ್ಲ, ಆನೆಗೆ ನೀರಿಗಿಳಿಯುವ ದಾರಿಯೂ ಇಲ್ಲ. ಅಣೆಕಟ್ಟಿನ ಮೈಯನ್ನು ಕಾಪಾಡಿ, ಕಾಡಿನ ದಂಡೆಯನ್ನು ಅದರ ಪಾಡಿಗೆ ಬಿಡುವುದೇ ಅಲ್ಲಿ ಸರಿಯಾದ ನಿರ್ವಹಣೆ. ನಿಮ್ಮ ಕೆರೆಗೂ ಈ ವಿವೇಚನೆ ಸಲ್ಲುತ್ತದೆ. ಏರಿಯನ್ನು ಬಿಡಬೇಡಿ. ಎದುರಿನ ಅಂಗಳದ ಅಂಚು ಒಂದೆರಡು ಅಡಿ ಆಚೀಚೆಯಾದರೆ ಗಾಬರಿ ಬೇಡ, ಆದರೆ ಅಲ್ಲಿ ನೀರಿನ ಗೆರೆಯವರೆಗೂ ನೇಗಿಲು ಹೊಡೆಯದೆ ಹುಲ್ಲಿನ ಪಟ್ಟಿಯೊಂದನ್ನು ಬಿಡಲು ರೈತರನ್ನು ಕೇಳಿಕೊಳ್ಳಿ. ಉತ್ತ ಅಂಚಿನ ಮಣ್ಣೇ ಮುಂದೆ ಹೂಳಾಗುವುದು. ದನಗಳು ನೀರಿಗಿಳಿಯಲು ಒಂದೇ ಕಡೆ ಕಲ್ಲುಹಾಸಿದ ಇಳಿಜಾರು ಇದ್ದರೆ, ಅವು ಏರಿಯನ್ನು ಹತ್ತು ಕಡೆ ತುಳಿದು ಜರಿಸುವುದೂ ತಪ್ಪುತ್ತದೆ.

ಇನ್ನು ನೀವೇ ಆರಂಭಿಸಬಹುದಾದ ಒಂದು ಕೆಲಸ ಹೇಳುತ್ತೇನೆ. ಬೇಸಿಗೆ ಮುಗಿಯುವ ಮೊದಲು, ಏರಿಯ ತಲೆಯ ಮೇಲೆ ದಾರಿಗೆ ಅಡ್ಡವಾಗದಂತೆ ಮೂರು ಕಡೆ ಬಿದಿರಿನ ಗೂಟ ಹೊಡೆಯಿರಿ: ಗಾಳಿಗೆ ಎದುರಾದ ನಡುಭಾಗದಲ್ಲಿ ಒಂದು, ತೂಬಿನ ಹತ್ತಿರ ಒಂದು, ಕೋಡಿಯ ಕಡೆ ಒಂದು. ತಲೆಯ ಮೇಲೆ ಗೇಣುದ್ದ ಮಾತ್ರ ಕಾಣುವಂತಿರಲಿ. ಪ್ರತಿ ಗೂಟದಿಂದ ಒಳಮೈ ಇಳಿಯತೊಡಗುವ ಅಂಚಿನವರೆಗೆ ಟೇಪಿನಿಂದ ಅಳೆಯಿರಿ. ಟೇಪಿಲ್ಲದಿದ್ದರೆ ಗಂಟು ಹಾಕಿದ ಹಗ್ಗವಾದರೂ ಸರಿ. ಹಳೆಯ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ತಾರೀಖು, ಮೂರು ಅಳತೆ, ನೀರು ಆ ದಿನ ಕಲ್ಲುಹಾಸಿನ ಎಷ್ಟನೆಯ ಸಾಲಿನಲ್ಲಿತ್ತು ಎಂಬುದನ್ನು ಬರೆದಿಡಿ. ಆಷಾಢದ ಗಾಳಿ ಕಳೆದು, ದೀಪಾವಳಿಯ ರಜೆಯಲ್ಲಿ ಮತ್ತೆ ಅಳೆಯಿರಿ. ನಮ್ಮ ಮಕ್ಕಳು ಹೀಗೆ ಬರೆದ ಹಾಳೆಗಳನ್ನು ದಾರದಿಂದ ಹೊಲಿದು ಇಟ್ಟಿದ್ದೇನೆ. ಅವುಗಳಲ್ಲಿ ಒಂದು ಗೂಟದ ಅಳತೆ ಮೊದಲ ಸಲಕ್ಕಿಂತ ಒಂದು ಮೊಳ ಕಡಿಮೆಯಾದಾಗ, ಆರನೆಯ ತರಗತಿಯ ಹುಡುಗಿಯೊಬ್ಬಳು ಹಾಳೆ ಹಿಡಿದು ನನ್ನ ಬಳಿ ಬಂದು ಕೇಳಿದ್ದು ಹೀಗೆ: ‘ಮೇಷ್ಟ್ರೇ, ಇದನ್ನ ಪಂಚಾಯ್ತಿಯವರಿಗೆ ತೋರಿಸೋಣ್ವಾ?’ ಮರುದಿನ ನಾವಿಬ್ಬರೂ ಹೋದೆವು.